ಮೂರನೇ ಮೆಟ್ಟಿಲು

ನವೆಂಬರ್ 3, ಸೋಮವಾರ

ದೆವ್ವ ಮನೆಗೆ ಬಂತು. ಎರಡು ಹಾರ್ಡ್ ಡಿಸ್ಕಿನಲ್ಲಿ, ಹಳೆಯ ಟವೆಲು ಸುತ್ತಿಕೊಂಡು. ಹೊತ್ತು ತಂದವನು ನಿರ್ದೇಶಕ. ಅವನಿಗಿದು ಮೊದಲ ಸಿನಿಮಾ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ, ಕಣ್ಣು ಆಗಲೇ ಗುಳಿಬಿದ್ದಿದೆ. ಒಂದಷ್ಟು ಜನರನ್ನು ಕೂರಿಸಿ ತೋರಿಸಿದರಂತೆ. ದೆವ್ವ ಬಂದಾಗಲೆಲ್ಲ ನಕ್ಕರಂತೆ.

“ಅಕ್ಕ, ಒಬ್ಬ ಅಂತೂ ಚಪ್ಪಾಳೆ ಹೊಡೆದ.”

“ಶಿಳ್ಳೆ ಹೊಡೀಲಿಲ್ವಲ್ಲ, ಬಿಡು.”

“ಅದನ್ನೂ ಹೊಡೆದ್ರು.”

ನಿರ್ಮಾಪಕರು ಈ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ. ಇನ್ನೊಮ್ಮೆ ತೋರಿಸಿದಾಗಲೂ ಜನ ನಕ್ಕರೆ ಸಿನಿಮಾವನ್ನು ಇವನ ಕೈಯಿಂದ ಕಿತ್ತುಕೊಂಡು ಹಾಸ್ಯಚಿತ್ರ ಎಂದೇ ಬಿಡುಗಡೆ ಮಾಡುತ್ತಾರಂತೆ. ಎಡಿಟಿಂಗಿಗೆ ನನ್ನ ಹೆಸರು ಹೇಳಿದಾಗ “ಅವರದ್ದೆಲ್ಲ ಪುಸ್ತಕದ ಬದನೆಕಾಯಿ” ಎಂದರಂತೆ. ನಾಲ್ಕು ವರ್ಷ ಸಿನಿಮಾ ಶಾಲೆಯಲ್ಲಿ ಕಥೆ ಕಟ್ಟುವ ಸಿದ್ಧಾಂತಗಳ ಪಾಠ ಹೇಳಿದವಳು ನಾನು. ಅಲ್ಲಿಂದ ಹೊರಬಿದ್ದ ಮೇಲೆ ಎಡಿಟ್ ಮಾಡಿದ್ದೆಲ್ಲ ಬರೀ ಜಾಹೀರಾತು. ಇರಲಿ. ಬದನೆಕಾಯಿಗೂ ಮುಳ್ಳಿರುತ್ತದೆ ಎಂದು ಆ ಮನುಷ್ಯನಿಗೆ ತೋರಿಸಿಯೇ ತೀರುತ್ತೇನೆ.

ಹಿಂದಿನ ಕೋಣೆ ಖಾಲಿ ಮಾಡಿದೆ. ಗೋಡೆಯ ತುಂಬ ಮಗಳ ಚಿತ್ರಗಳಿದ್ದವು. ತೆಗೆದು ಪೆಟ್ಟಿಗೆಗೆ ಹಾಕಿದೆ. ದೃಶ್ಯಕ್ಕೊಂದರಂತೆ ಚೀಟಿ ಅಂಟಿಸಲು ಗೋಡೆ ಬೇಕು. ನಮ್ಮ ಯಜಮಾನರು ತಮ್ಮ ಔಷಧಿ ಅಂಗಡಿಯಿಂದ ಬರುವಾಗ ಒಂದು ಕೆಂಪು ಬಲ್ಬು ತಂದು ಬಾಗಿಲ ಮೇಲೆ ಹಾಕಿಕೊಟ್ಟರು. ಅದು ಉರಿಯುತ್ತಿದ್ದರೆ ಒಳಗೆ ರೆಕಾರ್ಡಿಂಗ್ ನಡೆಯುತ್ತಿದೆ, ಯಾರೂ ಬಾಗಿಲು ತೆಗೆಯಬಾರದು. ಹೋದ ವರ್ಷ ಸಿಮೆಂಟಿನ ಜಾಹೀರಾತಿನ ನಡುವೆ “ಅಮ್ಮಾ, ಇರುವೆ ನಿದ್ದೆ ಮಾಡತ್ತಾ?” ಎಂದು ದನಿ ಸೇರಿಕೊಂಡು, ಅದು ಹಾಗೇ ಗಿರಾಕಿಯ ತನಕ ಹೋಗಿತ್ತು. ಆ ಮಹಾತಾಯಿಗೆ ಎಂಟು ವರ್ಷ. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಅದಕ್ಕೇ ಮನೆಯಲ್ಲಿ ಅವಳನ್ನು ಅರಳು ಎಂದೇ ಕರೆಯುವುದು.

ನವೆಂಬರ್ 5, ಬುಧವಾರ

ಎರಡು ಸಲ ನೋಡಿದೆ. ತಾಯಿ, ಮಗಳು ಬಾಡಿಗೆ ಮನೆಗೆ ಬರುತ್ತಾರೆ. ಮನೆಯಲ್ಲೊಂದು ಮುಚ್ಚಿದ ಕೋಣೆ. ಅದನ್ನು ತೆರೆಯಬೇಡಿ ಎಂದು ಮಾಲೀಕ ಹೇಳಿ ಹೋಗುತ್ತಾನೆ. ಮಗಳು ತೆರೆಯುತ್ತಾಳೆ, ದೆವ್ವ ಬರುತ್ತದೆ, ತಾಯಿ ಅದನ್ನು ಓಡಿಸುತ್ತಾಳೆ. ಮುಗಿಯಿತು. ಚಪ್ಪಾಳೆ, ಶಿಳ್ಳೆ.

ಇವತ್ತು ಹಳೆಯ ಪಾಠವನ್ನೇ ಗೋಡೆಯ ಮೇಲೆ ಬರೆದೆ. ಯಾವ ಕಥೆಗೂ ಐದು ಮೆಟ್ಟಿಲು. ಮೊದಲು ಎಲ್ಲವೂ ಸರಿ ಇರುತ್ತದೆ. ಆಮೇಲೆ ಏನೋ ಕದಡುತ್ತದೆ. ಕದಡಿದೆ ಎಂದು ಯಾರಿಗೋ ಗೊತ್ತಾಗುತ್ತದೆ. ಸರಿಪಡಿಸಲು ಒದ್ದಾಡುತ್ತಾರೆ. ಕೊನೆಗೆ ಮತ್ತೆ ಎಲ್ಲ ಸರಿಹೋಗುತ್ತದೆ, ಆದರೆ ಮೊದಲಿನ ಹಾಗಲ್ಲ. ಚೀಟಿಗಳನ್ನು ಈ ಐದರ ಕೆಳಗೆ ಅಂಟಿಸುತ್ತ ಹೋದರೆ ಮೂರನೆಯದರ ಕೆಳಗೆ ಬರೀ ಗೋಡೆ! ಈ ಹುಡುಗ ಎರಡರಿಂದ ನೇರ ನಾಲ್ಕಕ್ಕೆ ಹಾರಿದ್ದಾನೆ. ಬಾಗಿಲು ತೆರೆದ ಕೂಡಲೇ ಎಲ್ಲರೂ ಕಿರುಚಾಡುತ್ತಾರೆ. ನಮ್ಮ ಮನೆಯಲ್ಲಿ ಏನೋ ಕೆಟ್ಟಿದೆ ಎಂದು ನಿಧಾನವಾಗಿ ಯಾರಿಗೂ ಹೊಳೆಯುವುದೇ ಇಲ್ಲ. ಮೆಟ್ಟಿಲು ತಪ್ಪಿ ಬಿದ್ದವರನ್ನು ನೋಡಿ ಯಾರಾದರೂ ಹೆದರುತ್ತಾರೆಯೇ? ನಗುತ್ತಾರೆ.

ಇಡೀ ಸಿನಿಮಾದಲ್ಲಿ ಮೈ ಜುಮ್ಮೆನ್ನುವುದು ಒಂದೇ ಕಡೆ: ಮುಚ್ಚಿದ ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಲ್ಲುತ್ತದೆ. ನಾಲ್ಕು ಕ್ಷಣ, ಅಷ್ಟೇ. ಅದನ್ನು ಪ್ರತ್ಯೇಕ ಎತ್ತಿಟ್ಟಿದ್ದೇನೆ.

ಅರಳು ಶಾಲೆಯಿಂದ ಬಂದವಳೇ ಬಾಗಿಲಲ್ಲಿ ನಿಂತಳು.

“ಅಮ್ಮ, ಒಂದು ಹೇಳ್ಲಾ?”

“ಆಮೇಲೆ.”

“ಚಿಕ್ಕದು.”

“ಆಮೇಲೆ ಬಾ ಪುಟ್ಟಾ.”

ಸ್ವಲ್ಪ ಹೊತ್ತಿಗೆ ಮತ್ತೆ ಬಂದು, “ಈಗ ಆಮೇಲೆ ಆಯ್ತಾ?” ಎಂದಳು. ನಗು ಬಂತು. ಇನ್ನೂ ಇಲ್ಲ ಎಂದೆ. ಏನು ಹೇಳಬೇಕೆಂದಿದ್ದಳೋ, ಆಮೇಲೆ ಕೇಳಲು ಮರೆತೆ.

ನವೆಂಬರ್ 8, ಶನಿವಾರ

ಮೂರನೇ ಮೆಟ್ಟಿಲು ಕಟ್ಟಲು ದೃಶ್ಯವೇ ಇಲ್ಲ. ಇವನು ತೆಗೆದದ್ದೆಲ್ಲ ಕಿರುಚಾಟ. ತಲೆ ಕೆಟ್ಟು ಮೊಸರಾಗಿದೆ. ಇವರೂ ಅರಳುವೂ ಹೊರಗೆ ಸುತ್ತಾಡಿ ಬಂದರು. ನಾನು ಹೋಗಲಿಲ್ಲ.

ನವೆಂಬರ್ 11, ಮಂಗಳವಾರ

ಹಾಳಾದ ದಿನ. ಸಿನಿಮಾದಲ್ಲಿ ಬಾಗಿಲ ಕಿರುಗುಟ್ಟುವಿಕೆ ಯಾವುದೋ ಆಟಿಕೆಯ ಶಬ್ದದ ಹಾಗಿದೆ. ಹಳೆಯ ಬೀರುವಿನ ಬಾಗಿಲಿಗೆ ಮೈಕು ಹಿಡಿದು ಮಧ್ಯಾಹ್ನವೆಲ್ಲ ಕೂತೆ. ಅದಕ್ಕೂ ಕೊಬ್ಬು, ಬೇಡವೆಂದಾಗ ಊರಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುವುದು ಮೈಕು ಕಂಡರೆ ಮೂಕವಾಗುತ್ತದೆ. ಕೊನೆಗೊಮ್ಮೆ ಬಂತು, ನಿಧಾನಕ್ಕೆ, ಮುದುಕಿ ನರಳಿದ ಹಾಗೆ. ಅಷ್ಟರಲ್ಲಿ ದಢಾರನೆ ಬಾಗಿಲು. “ಅಮ್ಮಾ, ಬಿತ್ತು!”

ಹೊರಗೆ ಕೆಂಪು ಬಲ್ಬು ಉರಿಯುತ್ತಲೇ ಇತ್ತು. ಕೂಗಿದೆ. ಕಣ್ಣು ಕುರುಡಾ, ದೀಪ ಕಾಣಲ್ವಾ, ಇನ್ನೊಂದು ಸಲ ಈ ಬಾಗಿಲು ಮುಟ್ಟಿದ್ರೆ ಏನು ಮಾಡ್ತೀನಿ ನೋಡು ಎಂದೆಲ್ಲ. ರಟ್ಟೆ ಹಿಡಿದು ಹೊರಗೆ ನಿಲ್ಲಿಸಿ ಬಾಗಿಲು ಹಾಕಿದೆ. ಅಂಗೈಯಲ್ಲಿ ಏನೋ ಹಿಡಿದಿದ್ದಳು. ತುಟಿಯ ಮೇಲೆ ರಕ್ತವಿತ್ತು. ಹಲ್ಲು ಬಿದ್ದಿರಬೇಕು, ಎಷ್ಟೋ ದಿನದಿಂದ ಅಲ್ಲಾಡುತ್ತಿತ್ತು. ಎಲ್ಲ ಮಕ್ಕಳಿಗೂ ಬೀಳುತ್ತದೆ.

ಮೈಕು ಆರಿಸಿರಲಿಲ್ಲ. ಕೇಳಿ ನೋಡಿದರೆ ಕಿರುಗುಟ್ಟುವಿಕೆಯ ಹಿಂದೆಯೇ ನನ್ನ ದನಿ. ಸದ್ದು ಅಳೆಯುವ ಮುಳ್ಳು ಕೊನೆಗೆ ಹೋಗಿ ಬಡಿದಿದೆ. ಅಳಿಸಿದೆ. ಬೀರು ಮತ್ತೆ ಆ ಶಬ್ದ ಮಾಡಲೇ ಇಲ್ಲ.

ನವೆಂಬರ್ 13, ಗುರುವಾರ

ಮನೆ ಎಷ್ಟು ಪ್ರಶಾಂತವಾಗಿದೆ! ಅರಳು ಬುದ್ಧಿವಂತೆಯಾಗಿದ್ದಾಳೆ. ತಾನೇ ಬಟ್ಟೆ ಬದಲಾಯಿಸುತ್ತಾಳೆ, ತಾನೇ ಹಾಕಿಕೊಂಡು ತಿನ್ನುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಸದ್ದೇ ಇಲ್ಲ. ಒಮ್ಮೆ ಗದರಿದ್ದೇ ಸಾಕಾಯಿತು ನೋಡಿ. ಇವರಿಗೆ ಹಾಗೆಂದಾಗ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋದರು.

ನವೆಂಬರ್ 14, ಶುಕ್ರವಾರ

ಸಿಕ್ಕಿತು. ಸಿಕ್ಕಿತು. ಸಿಕ್ಕಿತು.

ಇನ್ನೊಂದು ಸಿದ್ಧಾಂತವಿದೆ, ಹಳೆಯ ಅಜ್ಜಿಕಥೆಗಳನ್ನು ಬಿಡಿಸಿ ನೋಡಿದವರದು. ಕಥೆಯ ಶುರುವಿಗೆ ಯಾರೋ ಒಂದು “ಬೇಡ” ಹೇಳುತ್ತಾರೆ. ಆ ಬಾಗಿಲು ತೆಗೆಯಬೇಡ. ಅದನ್ನು ಮುರಿಯುತ್ತಾರೆ, ಆಗ ಕೇಡಿಗ ಬರುತ್ತಾನೆ. ಶಾಲೆಯಲ್ಲಿ ನಾನು ಒತ್ತಿ ಒತ್ತಿ ಹೇಳುತ್ತಿದ್ದೆ: ಕೇಡಿಗ ಅನ್ನುವುದು ಒಬ್ಬ ಮನುಷ್ಯನಲ್ಲ, ಒಂದು ಕೆಲಸ. ಬೆಳಿಗ್ಗೆ ಕಾಪಾಡಿದವರೇ ಸಂಜೆ ಆ ಕೆಲಸ ಮಾಡಬಹುದು. ಹಾಗಾದರೆ ಈ ಸಿನಿಮಾದಲ್ಲಿ “ಬೇಡ” ಅನ್ನುವುದು ಯಾರು? ಮಾಲೀಕ ಒಂದೇ ಸಲ ಅಂದು ಹೋಗುತ್ತಾನೆ. ಆಮೇಲೆ ದೃಶ್ಯ ದೃಶ್ಯದಲ್ಲೂ ಬೇಡ ಬೇಡ ಅನ್ನುವವಳು ತಾಯಿ. ಅಲ್ಲಿ ಹೋಗಬೇಡ, ಅದನ್ನು ಮುಟ್ಟಬೇಡ, ಸದ್ದು ಮಾಡಬೇಡ.

ದೆವ್ವದ ಚೀಟಿಗಳನ್ನೆಲ್ಲ ಗೋಡೆಯಿಂದ ಕಿತ್ತೆ. ಆ ಜಾಗಕ್ಕೆ ತಾಯಿಯನ್ನು ಇಟ್ಟೆ. ತಾಯಿ ತಿರುಗಿ ನೋಡುವುದು, ತಾಯಿ ಬಾಗಿಲಲ್ಲಿ ನಿಲ್ಲುವುದು, ತಾಯಿಯ ಪಾದ. ಬೇರೇನೂ ಮಾಡಲಿಲ್ಲ. ಆಡಿಸಿ ನೋಡಿದರೆ ಕೈಯ ರೋಮ ನಿಂತವು.

ನಿರ್ದೇಶಕನಿಗೆ ಫೋನು ಮಾಡಿದೆ.

“ಅಕ್ಕ, ದೆವ್ವದ ಮೇಕಪ್ಪಿಗೆ ಅರ್ಧ ದಿನ ಹಿಡೀತಿತ್ತು,” ಎಂದ, ಅಳುವ ದನಿಯಲ್ಲಿ.

“ಅದಕ್ಕೇ ಜನ ನಕ್ಕಿದ್ದು.”

“ತಾಯೀನೇ ದೆವ್ವ ಮಾಡಿದ್ರೆ ಯಾರಾದ್ರೂ ಒಪ್ತಾರಾ?”

“ತಾಯಿ ಕೆಟ್ಟವಳಲ್ಲ ಕಣೋ. ಅವಳ ಪಾಡಿಗೆ ಅವಳು ಕೆಲಸ ಮಾಡ್ಕೊಂಡಿದ್ದಾಳೆ. ಮಗು ಹೆದರ್ತಿದೆ ಅಂತಾನೇ ಅವಳಿಗೆ ಗೊತ್ತಿಲ್ಲ. ಅದನ್ನ ಮಗು ಕಣ್ಣಿಂದ ನೋಡು, ಎಷ್ಟು ಭಯ ಆಗತ್ತೆ.”

“ಇದು ನಿಮಗೆ ಹೇಗೆ ಹೊಳೀತು ಅಕ್ಕ?” ಎಂದ.

“ಬದನೆಕಾಯಿ ಓದಿ,” ಎಂದೆ.

ನವೆಂಬರ್ 17, ಸೋಮವಾರ

ಪ್ರತಿ ಮನೆಗೂ ಅದರದ್ದೇ ಮೌನ ಇರುತ್ತದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಆ ಖಾಲಿ ಮೌನವನ್ನೂ ರೆಕಾರ್ಡ್ ಮಾಡಿಕೊಳ್ಳುವುದು ನಮ್ಮ ಕಸುಬಿನ ಪದ್ಧತಿ. ಅದನ್ನು ಕೆಳಗೆ ಹಾಸದಿದ್ದರೆ ಮಾತು ನಿಂತ ಕೂಡಲೇ ಸಿನಿಮಾ ಕಿವುಡಾಗುತ್ತದೆ. ಈ ಹುಡುಗನ ತಂಡಕ್ಕೆ ಅಷ್ಟೂ ತಾಳ್ಮೆ ಇಲ್ಲ. ಸರಿ, ನಮ್ಮ ಮನೆಯ ಮೌನವನ್ನೇ ಸಾಲ ಕೊಡೋಣವೆಂದು ನಡುಮನೆಯಿಂದ ನನ್ನ ಕೋಣೆಗೆ ಬರುವ ದಾರಿಯಲ್ಲಿ, ಶೂ ಗೂಡಿನ ಹಿಂದೆ ಮೈಕು ಇಟ್ಟು, ಕೆಂಪು ಬಲ್ಬು ಹಾಕಿ, ಒಳಗೆ ಕೂತು ಕೆಲಸ ಮಾಡಿದೆ. ಸಂಜೆಯವರೆಗೂ ಓಡಿತು. ಮನೆಯವರು ಓಡಾಡಿದ್ದನ್ನು ಕತ್ತರಿಸಿದರಾಯಿತು.

ನವೆಂಬರ್ 18, ಮಂಗಳವಾರ

ಚಿನ್ನ ಸಿಕ್ಕಿದೆ. ಮೌನ ಕೇಳುತ್ತ ಕೂತವಳಿಗೆ ಅರಳು ಶಾಲೆಯಿಂದ ಬಂದದ್ದು ಕೇಳಿಸಿತು. ಶೂ ಬಿಚ್ಚಿದಳು. ನಾಲ್ಕು ಹೆಜ್ಜೆ. ನನ್ನ ಬಾಗಿಲ ಹತ್ತಿರ ಬಂದಾಗ ನಿಂತಳು. ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡಳು, ಬಿಡಲಿಲ್ಲ. ಬಿಡದೆಯೇ ತುದಿಗಾಲಲ್ಲಿ ಬಾಗಿಲು ದಾಟಿದಳು. ದೂರ, ಅಡುಗೆಮನೆಯ ಹತ್ತಿರ ಹೋಗಿ ಉಸ್ ಎಂದು ಬಿಟ್ಟಳು. ಏನೋ ಆಟ ಕಟ್ಟಿಕೊಂಡಿರಬೇಕು. ನೀರು ಕುಡಿಯಲು ಬಂದಾಗ ಇನ್ನೊಮ್ಮೆ, ವಾಪಸು ಹೋಗುವಾಗ ಮತ್ತೊಮ್ಮೆ. ಇವರು ಬಂದಾಗ ಪಿಸುಗುಟ್ಟಿದ್ದೂ ಇದೆ: “ಮೆಲ್ಲಗೆ ಅಪ್ಪ, ದೀಪ ಇದೆ.”

ಮಾತು ತೆಗೆದುಹಾಕಿ ಉಸಿರನ್ನಷ್ಟೇ ಇಟ್ಟುಕೊಂಡೆ. ಸಿನಿಮಾದ ಮಗು ತಾಯಿಯ ಕೋಣೆ ದಾಟುವ ದೃಶ್ಯಕ್ಕೆ ಅದನ್ನು ಕೂರಿಸಿದೆ. ಮೂರನೇ ಮೆಟ್ಟಿಲು ಅಲ್ಲೇ ಎದ್ದು ನಿಂತಿತು. ಮಗುವಿಗೆ ಗೊತ್ತಾಗಿದೆ ಎಂದು ನೋಡುವವರಿಗೆ ಒಂದೇ ಉಸಿರಿನಲ್ಲಿ ಗೊತ್ತಾಗುತ್ತದೆ. ನನ್ನ ಮಗಳು ಸಿನಿಮಾದಲ್ಲಿ! ಹೇಳೋಣವೆಂದು ಕರೆದೆ. ನಿದ್ದೆ ಬಂದಿದೆ ಎಂದು ಅವರಪ್ಪನ ಕೈಯಲ್ಲಿ ಹೇಳಿಕಳಿಸಿದಳು. ಆಗಿನ್ನೂ ಊಟವೂ ಆಗಿರಲಿಲ್ಲ.

ನವೆಂಬರ್ 20, ಗುರುವಾರ

ಇವರ ಜೊತೆ ಜಗಳ. ಜಗಳವೆಂದರೆ ನಾನು ಮಾತಾಡುವುದು, ಇವರು ಕನ್ನಡಕ ಒರೆಸುವುದು. ಇವತ್ತು ಒರೆಸಿ ಮುಗಿಸಿ ಕೆಳಗಿಟ್ಟರು.

“ನಿನ್ನೆ ಅವಳು ಅಂಗಡಿಗೆ ಫೋನ್ ಮಾಡಿದ್ಲು. ಅಂಟು ಎಲ್ಲಿದೆ ಅಪ್ಪ ಅಂತ. ನೀನು ಹತ್ತು ಹೆಜ್ಜೆ ದೂರದಲ್ಲಿದ್ದೆ.”

“ನಾನು ಕೆಲಸದಲ್ಲಿದ್ದೆ ಅಂತ ಅವಳಿಗೆ ಗೊತ್ತು.”

“ಅಮ್ಮನ್ನ ಕೇಳು ಅಂದೆ. ಬೇಡ ಅಂದ್ಲು. ಅಂಟೇ ಬೇಡ ಅಂದ್ಲು. ಅವಳು ನಿನ್ನ ಹತ್ರ ಕೊನೇ ಸಲ ಏನು ಮಾತಾಡಿದ್ಲು, ನೆನಪಿದ್ಯಾ?”

“ರೀ, ತಿಂಗಳ ಕೊನೆವರೆಗೆ ತಡ್ಕೊಳ್ಳಿ. ಇದೊಂದು ಮುಗೀಲಿ, ಎಲ್ಲ ಮೊದಲಿನ ಹಾಗೇ ಆಗುತ್ತೆ.”

“ಮೊದಲಿನ ಹಾಗೆ ಯಾವತ್ತೂ ಆಗಲ್ಲ ಅಂತ ನೀನೇ ಪಾಠ ಮಾಡ್ತಿದ್ದೆ. ಐದನೇ ಮೆಟ್ಟಿಲು. ಮದುವೆಯಾದ ಹೊಸದ್ರಲ್ಲಿ ನನ್ನನ್ನ ಕೂರಿಸಿಕೊಂಡು ಒಪ್ಪಿಸ್ತಿದ್ಯಲ್ಲ.”

ಮಾತ್ರೆ ಮಾರುವವರಿಗೆ ಸಿದ್ಧಾಂತ ಹೇಳಿಕೊಟ್ಟಿದ್ದು ನನ್ನ ತಪ್ಪು. ಕೊನೇ ಸಲ ಏನು ಮಾತಾಡಿದ್ದಳು? “ಬಿತ್ತು” ಎಂದಿದ್ದಳು. ಆಮೇಲೆ ಮಾತಾಡಿರಲೇಬೇಕು. ಒಂದೇ ಮನೆಯಲ್ಲಿದ್ದೇವೆ, ಮಾತಾಡದೆ ಇರುತ್ತಾಳೆಯೇ.

ನವೆಂಬರ್ 24, ಸೋಮವಾರ

ನಿರ್ದೇಶಕನೂ ಶಬ್ದ ಜೋಡಿಸುವವನೂ ಬಂದು ನೋಡಿದರು. ಶಬ್ದದವನು ಆಜಾನುಬಾಹು, ಗಡ್ಡ, ಯಾವುದಕ್ಕೂ ಮುಖದ ಗೆರೆ ಅಲ್ಲಾಡಿಸದ ಆಸಾಮಿ. ಮಗು ಉಸಿರು ಕಟ್ಟಿ ಬಾಗಿಲು ದಾಟುವಾಗ ಅವನು ಕುರ್ಚಿಯ ತೋಳು ಹಿಡಿದುಕೊಂಡ.

“ಈ ಉಸಿರು ಯಾರದ್ದು ಮೇಡಂ?”

“ನನ್ನ ಮಗಳದ್ದು.”

“ನಟನೆ ಕಲ್ತಿದ್ದಾಳಾ?”

“ಇಲ್ಲಪ್ಪ. ಸುಮ್ನೆ ಓಡಾಡ್ತಿದ್ಲು.”

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಉಸಿರಿನ ಹಿಂದೆ ಫ್ಯಾನಿನ ಗುಂಯ್ ಇದೆಯಂತೆ, ದೊಡ್ಡ ಪರದೆಯಲ್ಲಿ ಎದ್ದು ಕೇಳುತ್ತದಂತೆ. ಸ್ಟುಡಿಯೋದಲ್ಲಿ ಒಂದು ಸಲ ಚೊಕ್ಕಟವಾಗಿ ತೆಗೆದುಕೊಂಡರೆ ಸಾಕು ಎಂದ. ಬುಧವಾರ ಅರಳುವನ್ನು ಕರೆದುಕೊಂಡು ಹೋಗಬೇಕು. ಚಿತ್ರ ತೋರಿಸುವುದು ಬೇಡ, ಬರೀ ಉಸಿರು.

ನವೆಂಬರ್ 26, ಬುಧವಾರ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಏನು ಕೇಳಿದರೂ “ಹೂಂ” ಅಥವಾ “ಗೊತ್ತಿಲ್ಲ”. ಮೇಲಿನ ಸಾಲಿನಲ್ಲಿ ಹೊಸ ಹಲ್ಲು ಅರ್ಧ ಬಂದಿದೆ. ನಾನು ಅದನ್ನು ನೋಡಿಯೇ ಇರಲಿಲ್ಲ.

ಸ್ಟುಡಿಯೋದಲ್ಲಿ ಗಾಜಿನ ಆಚೆ ಅವಳು, ಈಚೆ ನಾವು ಮೂವರು. ಶಬ್ದದವನು ಅವಳ ಎತ್ತರಕ್ಕೆ ಮೈಕು ಇಳಿಸಿ, ಬೆನ್ನು ತಟ್ಟಿ ಬಂದ.

“ಅರಳು, ಮನೇಲಿ ನಡುವೆ ನಿಂತು ಉಸಿರು ಕಟ್ಟಿಕೊಂಡು ಹೋಗ್ತೀಯಲ್ಲ, ಆ ಆಟ ಆಡು,” ಎಂದೆ ನಾನು, ಗುಂಡಿ ಒತ್ತಿ.

“ಯಾವ ಆಟ?”

“ಅದೇ, ನನ್ನ ಕೋಣೆ ಹತ್ರ.”

ಅವಳು ನೆಲ ನೋಡಿದಳು. ಊದಿದಳು, ಮೂಗು ಹಿಡಿದುಕೊಂಡಳು, ಈಜುವವರ ಹಾಗೆ ಕೆನ್ನೆ ಉಬ್ಬಿಸಿದಳು. ಒಂದೂ ಅದಲ್ಲ. ನಿರ್ದೇಶಕ ಉಗುರು ಕಚ್ಚುತ್ತ ಕೂತ. ನನಗೂ ಸಹನೆ ಮುಗಿಯುತ್ತಿತ್ತು. ಶಬ್ದದವನು, “ಇದುವರೆಗೆ ಬರೀ ಅಭ್ಯಾಸ ಪುಟ್ಟಿ, ಈಗ ನಿಜವಾಗ್ಲೂ ತಗೊಳ್ಳೋಣ, ನಿಂಗೆ ಹೇಗೆ ಬೇಕೋ ಹಾಗೆ ಮಾಡು,” ಎಂದು ರೆಕಾರ್ಡಿಂಗ್ ಗುಂಡಿ ಒತ್ತಿದ. ಗಾಜಿನ ಆಚೆ, ಅವಳ ತಲೆಯ ಮೇಲೆ, ಕೆಂಪು ಬಲ್ಬು ಹೊತ್ತಿಕೊಂಡಿತು.

ಅವಳು ಅದನ್ನು ನೋಡಿದಳು. ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡಳು. ಬಿಡಲಿಲ್ಲ. ಭುಜ ಕಿವಿಯವರೆಗೆ ಏರಿತು, ಹಿಮ್ಮಡಿ ನೆಲ ಬಿಟ್ಟಿತು. ಹಾಗೇ ನಿಂತಳು.

“ಬಂತು, ಬಂತು,” ಎಂದು ನಿರ್ದೇಶಕ ನನ್ನ ತೋಳು ಅಲುಗಾಡಿಸಿದ. “ಒಂದೇ ಟೇಕ್ ಅಕ್ಕ!”

ಶಬ್ದದವನು ಬಲ್ಬು ಆರಿಸಿದ. ಅವಳು ಉಸಿರು ಬಿಟ್ಟಳು. ಗಾಜಿನಲ್ಲಿ ನನ್ನ ಮುಖದ ಹಿಂದೆ ಅವಳ ಮುಖವಿತ್ತು. ಅವಳು ನನ್ನನ್ನು ನೋಡುತ್ತಿದ್ದಳು, ನಾನೇನು ಹೇಳುತ್ತೇನೋ ಎಂದು. ಚೆನ್ನಾಗಿ ಮಾಡಿದೆ ಎನ್ನಲು ಬಾಯಿ ತೆರೆದೆ. ಹೊರಗೆ ಓಡಿ ಬಚ್ಚಲಿನಲ್ಲಿ ವಾಂತಿ ಮಾಡಿಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಅದಕ್ಕೇ ಇರಬೇಕು ಎಂದು ನಿರ್ದೇಶಕನಿಗೆ ಹೇಳಿದೆ.

ಇಲ್ಲೇಕೆ ಸುಳ್ಳು ಬರೆಯಲಿ. ಅದಕ್ಕಲ್ಲ.

ನವೆಂಬರ್ 27, ಗುರುವಾರ

ಬಲ್ಬು ಬಿಚ್ಚಿ ಕಸದ ಬುಟ್ಟಿಗೆ ಹಾಕಿದೆ. ಬಾಗಿಲು ಪೂರ್ತಿ ತೆರೆದಿಟ್ಟು, ಬಾಗಿಲಿಗೆ ಮುಖ ಮಾಡಿ ಕೂತೆ. ಸಂಜೆ ಅರಳು ಬಂದಳು. ಮೇಲೆ ಬರೀ ಹೋಲ್ಡರು ಇರುವುದನ್ನು ನೋಡಿದಳು. ನನ್ನನ್ನೂ ನೋಡಿದಳು. ಉಸಿರು ಕಟ್ಟಿಕೊಂಡೇ ದಾಟಿದಳು.

ಮೇಜು ಸರಿಸಿ ಗುಡಿಸಿದೆ. ವೈರುಗಳ ಹಿಂದೆ, ಗೋಡೆಯ ಮೂಲೆಯಲ್ಲಿ ಹಲ್ಲು ಇತ್ತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬೇರಿನಲ್ಲಿ ಕಂದು ಕಲೆ. ಅದನ್ನು ತೋರಿಸಲು ಬಂದಿದ್ದಳು, ನಾನು ರಟ್ಟೆ ಹಿಡಿದು ಎಳೆದಾಗ ಕೈಯಿಂದ ಜಾರಿರಬೇಕು. ಅವಳು ಇಷ್ಟು ದಿನ ಅದನ್ನು ಎಲ್ಲೆಲ್ಲಿ ಹುಡುಕಿರಬಹುದು? ಇಲ್ಲಿ ಬಿಟ್ಟು ಎಲ್ಲ ಕಡೆ.

ನವೆಂಬರ್ 29, ಶನಿವಾರ

ಬೆಳಿಗ್ಗೆಯೇ ಸಿನಿಮಾ ತೋರಿಸಿದರು. ಯಾರೂ ನಗಲಿಲ್ಲ. ಉಸಿರಿನ ದೃಶ್ಯದಲ್ಲಿ ಇಡೀ ಸಭಾಂಗಣ ಜೊತೆಗೇ ಉಸಿರು ಕಟ್ಟಿತು. ನನಗೆ ಕೂರಲಾಗದೆ ಹೊರಗೆ ಬಂದೆ. ನಿರ್ಮಾಪಕರು ಬಂದು ಕೈಮುಗಿದು, “ನಮ್ಮ ಮನೆಯವಳಿಗೆ ಫೋನ್ ಮಾಡಿ ಮಕ್ಕಳು ಏನ್ಮಾಡ್ತಿದ್ದಾರೆ ಅಂತ ಕೇಳಿದೆ ನೋಡಿ,” ಎಂದರು. ನಿರ್ದೇಶಕ ಅತ್ತೇಬಿಟ್ಟ. ಸಿನಿಮಾ ಅವನ ಕೈಯಲ್ಲೇ ಉಳಿಯಿತು. ಊಟಕ್ಕೆ ಬನ್ನಿ ಅಕ್ಕ ಎಂದ. ಮನೆಗೆ ಹೋಗಬೇಕು ಎಂದೆ.

ಮನೆಯಲ್ಲಿ ಇವರು ಬಟ್ಟೆ ಮಡಚುತ್ತಿದ್ದರು. ಗೋಡೆಯ ಚೀಟಿಗಳನ್ನೆಲ್ಲ ಕಿತ್ತು, ಪೆಟ್ಟಿಗೆಯಿಂದ ಅವಳ ಚಿತ್ರಗಳನ್ನು ತೆಗೆದು, ಒಂದೊಂದಾಗಿ ಮತ್ತೆ ಅಂಟಿಸಿದೆ. ಮೊದಲು ಯಾವುದು ಎಲ್ಲಿತ್ತು ಎಂದು ನೆನಪಾಗಲಿಲ್ಲ. ಆಮೇಲೆ ಹಲ್ಲನ್ನು ಅಂಗೈಯಲ್ಲಿ ಹಿಡಿದು ಅವಳ ಕೋಣೆಗೆ ಹೋದೆ. ಬಾಗಿಲು ಹಾಕಿತ್ತು. ತಟ್ಟಿದೆ.

“ಅರಳು, ಒಂದು ಹೇಳ್ಲಾ?”

ಒಳಗೆ ಬಣ್ಣದ ಪೆನ್ಸಿಲುಗಳ ಸದ್ದು ನಿಂತಿತು.

“ಚಿಕ್ಕದು,” ಎಂದೆ.

“ಆಮೇಲೆ ಬಾ ಅಮ್ಮ.”

ಸಿಟ್ಟಿನಿಂದ ಅಂದಿದ್ದಲ್ಲ. ಈ ಮನೆಯಲ್ಲಿ ಹಾಗೆ ಹೇಳುವುದು ವಾಡಿಕೆ, ಅಷ್ಟೇ. ನಾನು ಅಲ್ಲಿಂದ ಹೋಗಲಿಲ್ಲ. ಅವಳ ಬಾಗಿಲ ಎದುರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಇವರು ಒಮ್ಮೆ ಇಣುಕಿ ನೋಡಿ, ಈ ದಿನಚರಿ ಪುಸ್ತಕವನ್ನೂ ಪೆನ್ನನ್ನೂ ತಂದು ಪಕ್ಕದಲ್ಲಿಟ್ಟು ಹೋದರು. ಇಲ್ಲಿಂದಲೇ ಬರೆಯುತ್ತಿದ್ದೇನೆ. ಹಲ್ಲು ಎಡಗೈಯಲ್ಲಿದೆ.

ಬಿಸಿಲು ಇಳಿಯುತ್ತ ಬಂತು. ಇಷ್ಟು ಹೊತ್ತೂ ಪೆನ್ಸಿಲಿನ ಸದ್ದಿತ್ತು. ಈಗ ಇಲ್ಲ.

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಂತಿದೆ. ನಾನು ಉಸಿರು ಬಿಡುತ್ತಿಲ್ಲ.